ಭಾಗಾಕಾರ ಬೋಧನೆ: ಹೇಳಿಕೆ ಲೆಕ್ಕಗಳ ಮೂಲಕ

ಭಾಗಾಕಾರ ಬೋಧನೆ: ಪ್ರಾಥಮಿಕ ಶಾಲೆಯಲ್ಲಿ ಸಂಕಲನ, ವ್ಯವಕಲನ, ಗುಣಾಕಾರಗಳಾದ ಮೇಲೆ ಬರುವ ನಾಲ್ಕನೆಯ ಮೂಲಕ್ರಿಯೆಯನ್ನು ಕಲಿಸುವ ಕ್ರಮ. ಸಾಮಾನ್ಯವಾಗಿ ಎರಡನೆಯ ತರಗತಿಯಲ್ಲಿ ಹಂಚಾಟದಿಂದ ಶುರುವಾಗುವ ಈ ಕಲಿಕೆ ಮೂರನೆಯ ತರಗತಿಯಲ್ಲಿ ಮಗ್ಗಿ ಮತ್ತು ಚಿಹ್ನೆಗಳ ಜೊತೆಗೂಡುತ್ತದೆ. ನಾಲ್ಕು, ಐದನೆಯ ತರಗತಿಗಳಲ್ಲಿ ದೀರ್ಘ ಭಾಗಾಕಾರವಾಗಿ ಬೆಳೆಯುತ್ತದೆ. ಭಾಗಿಸಬೇಕಾದ ಸಂಖ್ಯೆ ಭಾಜ್ಯ, ಭಾಗಿಸುವ ಸಂಖ್ಯೆ ಭಾಜಕ, ಬಂದ ಉತ್ತರ ಭಾಗಲಬ್ಧ, ಉಳಿದದ್ದು ಶೇಷ. ನಿತ್ಯದ ಒಂದು ಸಂದರ್ಭವನ್ನು ಮಾತಿನಲ್ಲಿ ಕಟ್ಟಿಕೊಟ್ಟು ಉತ್ತರ ಕೇಳುವ ಪ್ರಶ್ನೆಗೆ ಪಠ್ಯಪುಸ್ತಕಗಳಲ್ಲಿ ವಾಕ್ಯರೂಪದ ಸಮಸ್ಯೆ ಎಂದೂ ಬಳಕೆಯ ಮಾತಿನಲ್ಲಿ ಹೇಳಿಕೆ ಲೆಕ್ಕ ಎಂದೂ ಹೆಸರು.

ಬಹುಪಾಲು ತರಗತಿಗಳಲ್ಲಿ ಹೇಳಿಕೆ ಲೆಕ್ಕಕ್ಕೆ ಸಿಗುವ ಜಾಗ ಪಾಠದ ಕೊನೆ. ಮೊದಲು ಭಾಗಿಸುವ ವಿಧಾನ, ಆಮೇಲೆ ಬರೀ ಅಂಕಿಗಳ ಅಭ್ಯಾಸ, ಸಮಯ ಉಳಿದರೆ ನಾಲ್ಕೈದು ಹೇಳಿಕೆ ಲೆಕ್ಕ. ಈ ಅನುಕ್ರಮವನ್ನು ತಿರುಗಿಸಬೇಕು ಎಂಬುದು ಕಳೆದ ನಾಲ್ಕು ದಶಕಗಳ ಸಂಶೋಧನೆಯಿಂದ ಹೊರಟ ಮುಖ್ಯ ಸಲಹೆ. ಭಾಗಾಕಾರ ಎಂದರೇನು ಎಂಬುದು ಮಗುವಿಗೆ ಗೊತ್ತಾಗುವುದೇ ಹಂಚುವ, ಗುಂಪು ಮಾಡುವ ಸಂದರ್ಭಗಳಲ್ಲಿ. ಆದ್ದರಿಂದ ಹೇಳಿಕೆ ಲೆಕ್ಕವನ್ನು ಕಲಿತದ್ದರ ಪರೀಕ್ಷೆಯೆಂದು ನೋಡುವುದಕ್ಕಿಂತ ಕಲಿಕೆಯ ಬಾಗಿಲು ಎಂದು ನೋಡುವುದು ಸರಿ.

ಒಂದೇ ಉತ್ತರ, ಎರಡು ಕೆಲಸ

12 ಬಾಳೆಹಣ್ಣುಗಳನ್ನು 3 ಮಕ್ಕಳಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು? ಇದು ಮೊದಲನೆಯ ಲೆಕ್ಕ. 12 ಬಾಳೆಹಣ್ಣುಗಳಿವೆ, ಒಬ್ಬೊಬ್ಬರಿಗೆ ಮೂರು ಮೂರರಂತೆ ಕೊಟ್ಟರೆ ಎಷ್ಟು ಮಕ್ಕಳಿಗೆ ಸಾಲುತ್ತದೆ? ಇದು ಎರಡನೆಯದು. ಎರಡನ್ನೂ ದೊಡ್ಡವರು 12 ÷ 3 ಎಂದು ಬರೆದು 4 ಎನ್ನುತ್ತಾರೆ. ಮಗುವಿನ ಕೈಗೆ ಮಾತ್ರ ಇವು ಬೇರೆ ಬೇರೆ ಕೆಲಸ. ಮೊದಲನೆಯದರಲ್ಲಿ ಮೂರು ಜಾಗ ಮಾಡಿಕೊಂಡು ನಿನಗೊಂದು, ನಿನಗೊಂದು, ನಿನಗೊಂದು ಎಂದು ಸುತ್ತು ಹಾಕುತ್ತದೆ. ಕಡೆಗೆ ಒಂದು ಪಾಲನ್ನು ಎಣಿಸುತ್ತದೆ. ಎರಡನೆಯದರಲ್ಲಿ ರಾಶಿಯಿಂದ ಮೂರು ಮೂರು ಎತ್ತಿಡುತ್ತ ಹೋಗಿ ಗುಂಪುಗಳನ್ನು ಎಣಿಸುತ್ತದೆ. ಮೊದಲನೆಯದನ್ನು ಹಂಚಿಕೆಯ ಭಾಗಾಕಾರ, ಎರಡನೆಯದನ್ನು ಗುಂಪಿನ ಅಥವಾ ಅಳತೆಯ ಭಾಗಾಕಾರ ಎನ್ನಬಹುದು. ಒಂದರಲ್ಲಿ ಗುಂಪುಗಳ ಸಂಖ್ಯೆ ಗೊತ್ತಿದೆ, ಗುಂಪಿನ ಗಾತ್ರ ಗೊತ್ತಿಲ್ಲ. ಇನ್ನೊಂದರಲ್ಲಿ ಗಾತ್ರ ಗೊತ್ತಿದೆ, ಸಂಖ್ಯೆ ಗೊತ್ತಿಲ್ಲ.

ಇಸ್ರೇಲಿನ ಎಫ್ರಾಯಿಮ್ ಫಿಶ್‌ಬೈನ್ ಮತ್ತು ಇಟಲಿಯ ಸಹೋದ್ಯೋಗಿಗಳು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳ ಮನಸ್ಸಿನಲ್ಲಿ ಮೊದಲು ನೆಲೆಯೂರುವುದು ಹಂಚಿಕೆಯ ರೂಪ, ಗುಂಪಿನ ರೂಪ ಶಾಲೆಯ ಕಲಿಕೆಯಿಂದ ಆಮೇಲೆ ಸೇರುತ್ತದೆ ಎಂದು ವಾದಿಸಿದರು. ಹಂಚಿಕೆಯ ಚಿತ್ರ ಗಟ್ಟಿಯಾದಂತೆ ಅದರ ಜೊತೆಗೆ ಕೆಲವು ಹೇಳದ ನಿಯಮಗಳೂ ಅಂಟಿಕೊಳ್ಳುತ್ತವೆ ಎಂದೂ ಅವರು ತೋರಿಸಿದರು: ಭಾಜ್ಯ ಯಾವಾಗಲೂ ದೊಡ್ಡದು, ಭಾಜಕ ಪೂರ್ಣಸಂಖ್ಯೆಯೇ ಆಗಿರಬೇಕು, ಉತ್ತರ ಭಾಜ್ಯಕ್ಕಿಂತ ಚಿಕ್ಕದೇ ಬರಬೇಕು. ಮೂರು ಹೋಳಿಗೆಯನ್ನು ನಾಲ್ಕು ಮಂದಿಗೆ ಹಂಚು ಎಂದರೆ ಎಷ್ಟೋ ಮಕ್ಕಳು 4 ÷ 3 ಎಂದು ತಿರುಗಿಸಿ ಬರೆಯುವುದಕ್ಕೆ ಇದೇ ಕಾರಣ. ಅದೇ ಮಕ್ಕಳ ಮುಂದೆ ಹೋಳಿಗೆಯ ಆಕಾರದ ಮೂರು ಕಾಗದದ ಚಕ್ರಗಳನ್ನು ಇಟ್ಟರೆ ಒಬ್ಬೊಬ್ಬರಿಗೆ ಮುಕ್ಕಾಲು ಎಂಬ ಉತ್ತರವನ್ನು ಕತ್ತರಿ ಹಿಡಿದೇ ಕಂಡುಕೊಳ್ಳುತ್ತಾರೆ. ಭಾಗಿಸಿದರೆ ಕಡಿಮೆಯಾಗುತ್ತದೆ ಎಂಬ ನಂಬಿಕೆಯನ್ನು ಕದಲಿಸಲು ಗುಂಪಿನ ರೂಪ ಬೇಕು. ಮೂರು ಲೀಟರ್ ಹಾಲನ್ನು ಅರ್ಧ ಲೀಟರಿನ ಪ್ಯಾಕೆಟ್ಟುಗಳಿಗೆ ತುಂಬಿಸಿದರೆ ಆರು ಪ್ಯಾಕೆಟ್ಟು. ಎರಡು ಸೇರು ಅಕ್ಕಿಯನ್ನು ಪಾವಿನಲ್ಲಿ ಅಳೆದರೆ ಎಂಟು ಪಾವು. ಇಲ್ಲಿ ಉತ್ತರ ಭಾಜ್ಯಕ್ಕಿಂತ ದೊಡ್ಡದು, ಆದರೂ ಯಾರಿಗೂ ವಿಚಿತ್ರ ಎನಿಸುವುದಿಲ್ಲ.

ಯಾವುದನ್ನು ಮೊದಲು ಕಲಿಸಬೇಕು ಎಂಬ ಬಗ್ಗೆ ಒಮ್ಮತವಿಲ್ಲ. ಜಪಾನಿನ ಶಾಲೆಗಳು ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು ಮೂರನೆಯ ತರಗತಿಯಲ್ಲೇ ಎರಡನ್ನೂ ಎದುರುಬದುರು ಇರಿಸಿ ಕಲಿಸುತ್ತವೆ. ಭಾರತದ ಪಠ್ಯಗಳಲ್ಲಿ ಹಂಚಿಕೆಯ ಲೆಕ್ಕ ಮೊದಲು ಬರುತ್ತದೆ, ಗುಂಪಿನ ಲೆಕ್ಕ ಪುನರಾವರ್ತಿತ ವ್ಯವಕಲನವೆಂಬ ಹೆಸರಿನಲ್ಲಿ ಹಿಂದೆಯೇ ಬರುತ್ತದೆ. ಎರಡೂ ಒಂದೇ ಚಿಹ್ನೆಗೆ ಸೇರುತ್ತವೆ ಎಂಬುದನ್ನು ಯಾರಾದರೂ ಬಾಯಿಬಿಟ್ಟು ಹೇಳುವುದು ಮಾತ್ರ ಅಪರೂಪ. ಮಗುವಿಗೆ ಅದು ತಾನಾಗಿ ಹೊಳೆಯುತ್ತದೆ ಎಂದು ಭಾವಿಸುವುದು ತಪ್ಪು. ಮೂರು ಮಕ್ಕಳಿಗೆ ಒಂದೊಂದು ಹಣ್ಣು ಕೊಡುವ ಪ್ರತಿ ಸುತ್ತಿಗೂ ಮೂರು ಹಣ್ಣಿನ ಒಂದು ಗುಂಪು ಖರ್ಚಾಗುತ್ತದೆ, ನಾಲ್ಕು ಸುತ್ತು ಎಂದರೆ ನಾಲ್ಕು ಗುಂಪು ಎಂದು ವಸ್ತುಗಳನ್ನಿಟ್ಟು ತೋರಿಸಿದಾಗ ಎರಡು ದಾರಿಗಳೂ ಕೂಡುತ್ತವೆ. ಇವಲ್ಲದೆ ಸಾಲು ಮತ್ತು ಕಂಬಗಳ ಜೋಡಣೆಯ ಲೆಕ್ಕಗಳೂ, ಎಷ್ಟು ಪಟ್ಟು ಎಂದು ಕೇಳುವ ಹೋಲಿಕೆಯ ಲೆಕ್ಕಗಳೂ ಇವೆ. ಅವುಗಳ ಸರದಿ ನಾಲ್ಕನೆಯ ತರಗತಿಯ ಹೊತ್ತಿಗೆ.

ಚಿಹ್ನೆ ಕಲಿಯುವ ಮೊದಲೇ

ಭಾಗಾಕಾರದ ಹೆಸರೇ ಕೇಳದ ಮಕ್ಕಳು ಭಾಗಾಕಾರದ ಹೇಳಿಕೆ ಲೆಕ್ಕ ಮಾಡಬಲ್ಲರೇ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಥಾಮಸ್ ಕಾರ್ಪೆಂಟರ್, ಎಲಿಜಬೆತ್ ಫೆನ್ನೆಮಾ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು ಬೆನ್ನುಹತ್ತಿದರು. ಅವರ ತಂಡ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದನೆಯ ತರಗತಿಗೂ ಮುಂಚಿನ ಕಿಂಡರ್‌ಗಾರ್ಟನ್‌ನ 70 ಮಕ್ಕಳಿಗೆ ಗುಣಾಕಾರ, ಭಾಗಾಕಾರ, ಶೇಷ ಉಳಿಯುವ ಭಾಗಾಕಾರ ಎಲ್ಲವನ್ನೂ ಕಥೆಯ ರೂಪದಲ್ಲಿ ಕೇಳಲಾಯಿತು. ಗುಂಡು, ಬೆರಳು, ಗೆರೆ ಬಳಸಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಭಾಗಾಕಾರದ ಲೆಕ್ಕಗಳನ್ನು ಬಿಡಿಸಿದರು. ಅವರಲ್ಲಿ ಯಾರೂ ವಿಧಾನ ಕಲಿತವರಲ್ಲ; ಕಥೆಯಲ್ಲಿ ಏನು ನಡೆಯುತ್ತದೆಯೋ ಅದನ್ನೇ ವಸ್ತುಗಳಲ್ಲಿ ಮಾಡಿ ತೋರಿಸಿದರು. ಇಲ್ಲಿ ಒಂದು ಮಾತು ಸೇರಿಸಬೇಕು: ಆ ಮಕ್ಕಳ ಶಿಕ್ಷಕರು ವರ್ಷವಿಡೀ ಇಂಥ ಕಥೆ ಲೆಕ್ಕಗಳನ್ನು ಕೇಳುತ್ತ, ಮಕ್ಕಳು ಹೇಗೆ ಯೋಚಿಸಿದರು ಎಂದು ವಿಚಾರಿಸುತ್ತ ಬಂದಿದ್ದರು. ಸಾಮರ್ಥ್ಯ ಹುಟ್ಟಿನಿಂದಲೇ ಇದೆ, ಕಲಿಸುವುದೇ ಬೇಡ ಎಂಬ ಅರ್ಥ ಇದರಿಂದ ಹೊರಡುವುದಿಲ್ಲ. ವಿಧಾನ ಕಲಿಸುವವರೆಗೆ ಲೆಕ್ಕ ಕೊಡಬಾರದು ಎಂಬ ಹಳೆಯ ನಂಬಿಕೆಗೆ ಮಾತ್ರ ಇದರಿಂದ ಬಲವಾದ ಪೆಟ್ಟು ಬಿತ್ತು.

ಹಳೆಯ ಲೆಕ್ಕಗಳು

ಹಂಚಿಕೆಯ ಲೆಕ್ಕಕ್ಕೆ ಬರವಣಿಗೆಯಷ್ಟೇ ಉದ್ದದ ಚರಿತ್ರೆಯಿದೆ. ಕ್ರಿ.ಪೂ. ಸುಮಾರು 1550ರಲ್ಲಿ ಈಜಿಪ್ಟಿನ ಲಿಪಿಕಾರ ಅಹ್ಮೋಸ್ ನಕಲು ಮಾಡಿದ ರಿಂಡ್ ಪಪೈರಸ್ಸಿನ ಮೊದಲ ಆರು ಲೆಕ್ಕಗಳು 1, 2, 6, 7, 8, 9 ರೊಟ್ಟಿಗಳನ್ನು ಹತ್ತು ಜನರಿಗೆ ಹಂಚುವುದನ್ನು ಕುರಿತವು. ಆರರಲ್ಲೂ ಭಾಜ್ಯವೇ ಚಿಕ್ಕದು ಎಂಬುದು ಗಮನಾರ್ಹ. ನಾವು ಮಕ್ಕಳಿಂದ ವರ್ಷಗಟ್ಟಲೆ ಮುಚ್ಚಿಡುವ ಸಂಗತಿಯಿಂದಲೇ ಆ ಪುಸ್ತಕ ಆರಂಭವಾಗುತ್ತದೆ.

ಕರ್ನಾಟಕಕ್ಕೆ ಈ ಚರಿತ್ರೆಯಲ್ಲಿ ನೇರವಾದ ಪಾಲಿದೆ. ರಾಷ್ಟ್ರಕೂಟ ಅರಸ ಅಮೋಘವರ್ಷನ ಆಶ್ರಯದಲ್ಲಿ ಸುಮಾರು 850ರಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹ ಪೂರ್ತಿ ಗಣಿತಕ್ಕೇ ಮೀಸಲಾದ ಗ್ರಂಥ; ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅದು 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ನಿಯಮ ಹೇಳಿ ಅದರ ಬೆನ್ನಿಗೇ ಉದಾಹರಣೆಯ ಲೆಕ್ಕ ಕೊಡುವುದು ಅದರ ಕ್ರಮ. ಹಣ್ಣು, ಹೂ, ದೀನಾರ, ದಾರಿಹೋಕರು ಆ ಲೆಕ್ಕಗಳ ತುಂಬ ಓಡಾಡುತ್ತಾರೆ. ಅದರಲ್ಲೊಂದು ಲೆಕ್ಕದ ಸಾರಾಂಶ ಹೀಗೆ: ಕಾಡಿನಲ್ಲಿ ಬಾಳೆಹಣ್ಣಿನ 63 ಸಮನಾದ ರಾಶಿಗಳಿವೆ, ಜೊತೆಗೆ 7 ಬಿಡಿ ಹಣ್ಣುಗಳು; ಎಲ್ಲವನ್ನೂ 23 ಪಯಣಿಗರು ಏನೂ ಉಳಿಯದಂತೆ ಸಮನಾಗಿ ಹಂಚಿಕೊಂಡರೆ ಒಂದೊಂದು ರಾಶಿಯಲ್ಲಿ ಎಷ್ಟು ಹಣ್ಣಿದ್ದವು? ರಾಶಿಗೆ 5 ಎಂದಿಟ್ಟರೆ ಒಟ್ಟು 322 ಹಣ್ಣು, ಒಬ್ಬೊಬ್ಬನಿಗೆ 14. ಕುಟ್ಟಕವೆಂಬ ಮೇಲ್ಮಟ್ಟದ ಗಣಿತದ ಲೆಕ್ಕವಿದು. ಆದರೂ ಐದನೆಯ ತರಗತಿಯ ಮಕ್ಕಳು 1, 2, 3 ಎಂದು ಒಂದೊಂದೇ ಸಂಖ್ಯೆ ಹಾಕಿ ನೋಡುತ್ತ ಇದರ ಉತ್ತರಕ್ಕೆ ತಲುಪಬಲ್ಲರು.

ಅದೇ ಮಹಾವೀರಾಚಾರ್ಯ, ಸಂಖ್ಯೆಯೊಂದನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದೂ ಬರೆದ. ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೆ ರಾಶಿ ಇದ್ದಲ್ಲೇ ಇರುತ್ತದಲ್ಲ ಎಂದು ಇಂದಿನ ಮಕ್ಕಳು ಕೊಡುವ ಉತ್ತರವೂ ಇದೇ. ಇದು ಸರಿಯಲ್ಲ ಎಂದು ತೋರಿಸಲು ಗುಂಪಿನ ಲೆಕ್ಕ ನೆರವಿಗೆ ಬರುತ್ತದೆ: 12 ಹಣ್ಣುಗಳನ್ನು ಒಬ್ಬೊಬ್ಬರಿಗೆ ಸೊನ್ನೆ ಹಣ್ಣಿನಂತೆ ಕೊಡುತ್ತ ಹೋದರೆ ಎಷ್ಟು ಜನರಿಗೆ ಕೊಟ್ಟು ಮುಗಿಸಬಹುದು? ಎಷ್ಟು ಜನ ಬಂದರೂ ರಾಶಿ ಕರಗುವುದಿಲ್ಲ, ಹೇಳಲು ಉತ್ತರವೇ ಇಲ್ಲ. ಒಂಬತ್ತು ವರ್ಷದ ಮಗು ಇದನ್ನು ಕೇಳಿ ನಕ್ಕರೆ ವಿಷಯ ಅರ್ಥವಾಗಿದೆ ಎಂದೇ ತಿಳಿಯಬೇಕು.

ಕನ್ನಡದಲ್ಲಿ ಗಣಿತವನ್ನು ಬರೆದವರಲ್ಲಿ ಮೊದಲಿಗ 12ನೆಯ ಶತಮಾನದ ಜೈನಕವಿ ರಾಜಾದಿತ್ಯ. ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದವು ಅವನ ಕೃತಿಗಳು. ಭಾಸ್ಕರಾಚಾರ್ಯನ ಲೀಲಾವತಿ 1150ರದು. ಲೆಕ್ಕವನ್ನು ಓದುಗನಿಗೆ ಕೇಳುವ ಪ್ರಶ್ನೆಯಾಗಿ ಹೇಳುವ ಕಲೆಯಲ್ಲಿ ಅದನ್ನು ಮೀರಿಸಿದ ಪುಸ್ತಕ ಭಾರತದಲ್ಲಿ ವಿರಳ. ಮುಂದೆ ಐಗಳ ಮಠಗಳಲ್ಲಿ ಮಕ್ಕಳು ಪೂರ್ಣಸಂಖ್ಯೆಯ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಬಾಯಿಪಾಠ ಮಾಡಿ ಅಂಗಡಿಯ, ಹೊಲದ ಲೆಕ್ಕಗಳನ್ನು ಬಾಯಲ್ಲೇ ಬಿಡಿಸುತ್ತಿದ್ದರು. ಇಂದು ಬಳಸುವ ÷ ಚಿಹ್ನೆ ಇವಕ್ಕೆಲ್ಲ ತೀರ ಈಚಿನದು: ಸ್ವಿಸ್ ಗಣಿತಜ್ಞ ಯೋಹಾನ್ ರಾನ್ 1659ರ ತನ್ನ ಪುಸ್ತಕದಲ್ಲಿ ಭಾಗಾಕಾರಕ್ಕೆ ಅದನ್ನು ಬಳಸಿದ.

ನೋಟು, ಪೊಟ್ಟಣ ಮತ್ತು ದೀರ್ಘ ಭಾಗಾಕಾರ

ವಸ್ತು, ಚಿತ್ರ, ಚಿಹ್ನೆ ಎಂಬ ಮೂರು ಹಂತಗಳ ಮಾತು ಈಗ ಎಲ್ಲ ತರಬೇತಿಗಳಲ್ಲೂ ಕೇಳಿಬರುತ್ತದೆ. ಅದರ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಮಂಡಿಸಿದ ವಿಚಾರ. ಸಿಂಗಪುರ 1980ರ ದಶಕದಲ್ಲಿ ಇದನ್ನು ಪಠ್ಯಕ್ಕೆ ಅಳವಡಿಸಿ, ಚಿತ್ರದ ಹಂತಕ್ಕೆ ಉದ್ದ ಪಟ್ಟಿಯ ಚಿತ್ರವನ್ನು ತಂದಿತು. ಒಟ್ಟು ಮೊತ್ತಕ್ಕೆ ಒಂದು ಪಟ್ಟಿ ಬರೆದು, ಅದನ್ನು ಸಮನಾದ ಮನೆಗಳಾಗಿ ಸೀಳಿ, ಗೊತ್ತಿರುವುದನ್ನು ಒಳಗೆ ಬರೆದು, ಗೊತ್ತಿಲ್ಲದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕುವುದು ಅದರ ಕ್ರಮ. ಕಥೆಯಿಂದ ಅಂಕಿಗೆ ಜಿಗಿಯುವ ಮುನ್ನ ಮಗು ಒಂದು ಗಳಿಗೆ ನಿಂತು ನೋಡಲು ಇದರಿಂದ ಎಡೆ ಸಿಗುತ್ತದೆ.

ಮೂರು ಹಂತಗಳು ಎಂದು ಹೇಳುವುದು ಸುಲಭ; ಒಂದರಿಂದ ಇನ್ನೊಂದಕ್ಕೆ ದಾಟಿಸುವುದೇ ಕಷ್ಟ. ಮಣಿಗಳನ್ನು ಸೊಗಸಾಗಿ ಹಂಚಿದ ಮಗು ದೀರ್ಘ ಭಾಗಾಕಾರದ ಮುಂದೆ ಕಂಗಾಲಾಗುತ್ತದೆ, ಏಕೆಂದರೆ ಎರಡರ ನಡುವೆ ಯಾವ ಸಂಬಂಧವೂ ಅದಕ್ಕೆ ಕಾಣುವುದಿಲ್ಲ. ಕಥೆಯನ್ನು ಸರಿಯಾಗಿ ಆರಿಸಿದರೆ ಈ ಸಂಬಂಧ ಕಾಣಿಸುತ್ತದೆ.

84 ರೂಪಾಯಿಯನ್ನು 6 ಜನರಿಗೆ ಹಂಚಬೇಕು ಎಂದುಕೊಳ್ಳೋಣ. ಹತ್ತರ 8 ನೋಟು, ಒಂದು ರೂಪಾಯಿಯ 4 ನಾಣ್ಯಗಳಿವೆ. ಯಾರೂ ಬಿಡಿ ನಾಣ್ಯದಿಂದ ಹಂಚಲು ಶುರು ಮಾಡುವುದಿಲ್ಲ. ಮೊದಲು ಒಬ್ಬೊಬ್ಬರಿಗೆ ಹತ್ತರ ಒಂದೊಂದು ನೋಟು. ಎರಡು ನೋಟು ಉಳಿಯಿತು. ಅದನ್ನು ಚಿಲ್ಲರೆ ಮಾಡಿಸಿದರೆ 20 ನಾಣ್ಯ, ಮೊದಲಿದ್ದ 4 ಸೇರಿ 24. ಒಬ್ಬೊಬ್ಬರಿಗೆ ಇನ್ನು ನಾಲ್ಕು ನಾಲ್ಕು. ಉತ್ತರ 14. ದೀರ್ಘ ಭಾಗಾಕಾರದಲ್ಲಿ ಎಡಗಡೆಯಿಂದ ಏಕೆ ಶುರು ಮಾಡಬೇಕು, ಮುಂದಿನ ಅಂಕಿಯನ್ನು ಕೆಳಗಿಳಿಸುವುದು ಎಂದರೇನು ಎಂಬ ಎರಡೂ ಪ್ರಶ್ನೆಗಳಿಗೆ ಇಲ್ಲೇ ಉತ್ತರವಿದೆ: ದೊಡ್ಡ ನೋಟು ಮೊದಲು, ಉಳಿದದ್ದಕ್ಕೆ ಚಿಲ್ಲರೆ. ಅಂಕಿಯನ್ನು ಇಳಿಸು ಎಂದು ವರ್ಷವಿಡೀ ಹೇಳಿದರೂ ಬಾರದ ತಿಳಿವಳಿಕೆ ಆಟದ ನೋಟುಗಳೊಡನೆ ಒಂದೆರಡು ಪಾಠಗಳಲ್ಲಿ ಬರುವುದುಂಟು.

612 ÷ 6ಕ್ಕೆ 12 ಎಂದು ಬರೆಯುವುದು ಮಕ್ಕಳು ಮಾಡುವ ಅತಿ ಸಾಮಾನ್ಯ ತಪ್ಪು. ನಡುವಿನ ಸೊನ್ನೆ ಬಿಟ್ಟುಹೋಗುತ್ತದೆ. ನೋಟುಗಳಲ್ಲಿ ಹಂಚಿದರೆ ಸೊನ್ನೆ ಮರೆಯಾಗುವುದಿಲ್ಲ. ನೂರರ ಒಂದೊಂದು ನೋಟು ಎಲ್ಲರಿಗೂ ಸಿಕ್ಕಿತು. ಹತ್ತರ ನೋಟು ಇರುವುದು ಒಂದೇ, ಆರು ಜನರಿಗೆ ಕೊಡಲಾಗದು, ಆದ್ದರಿಂದ ಹತ್ತರ ಮನೆಯಲ್ಲಿ ಸೊನ್ನೆ. ಅದನ್ನು ಚಿಲ್ಲರೆ ಮಾಡಿಸಿದರೆ ಮೊದಲಿದ್ದ ಬಿಡಿ ನಾಣ್ಯಗಳೂ ಸೇರಿ 12 ನಾಣ್ಯ, ಎರಡೆರಡು. ಒಬ್ಬೊಬ್ಬರ ಕೈಯಲ್ಲಿ 102. ನೂರರ ನೋಟನ್ನು ಕಣ್ಣಾರೆ ಪಡೆದ ಮಗು ತನಗೆ ಬಂದದ್ದು 12 ರೂಪಾಯಿ ಎಂದು ಒಪ್ಪುವುದೇ ಇಲ್ಲ.

ಗುಂಪಿನ ಲೆಕ್ಕಕ್ಕೆ ಹೊಂದುವ ವಿಧಾನ ಬೇರೆ. 84 ಚಕ್ಕುಲಿಗಳಿವೆ, ಪೊಟ್ಟಣಕ್ಕೆ ಆರಾರು ಕಟ್ಟಿದರೆ ಎಷ್ಟು ಪೊಟ್ಟಣ? ಆರರಂತೆ ಒಂದೊಂದೇ ಕಳೆಯುತ್ತ ಹೋಗುವುದು ಬೇಸರದ ಕೆಲಸ. ಹತ್ತು ಪೊಟ್ಟಣ ಒಟ್ಟಿಗೆ ಕಟ್ಟಿಬಿಡೋಣ ಎನ್ನುತ್ತದೆ ಚುರುಕು ಮಗು; 60 ಹೋಯಿತು, 24 ಉಳಿಯಿತು, ಇನ್ನು ನಾಲ್ಕು ಪೊಟ್ಟಣ. ಹೀಗೆ ತುಂಡು ತುಂಡಾಗಿ ಕಳೆದು ಕೊನೆಗೆ ತುಂಡುಗಳನ್ನು ಕೂಡುವ ಕ್ರಮವನ್ನು ಹಲವು ದೇಶಗಳ ಪಠ್ಯಗಳು ದೀರ್ಘ ಭಾಗಾಕಾರದ ಮುಂಚಿನ ಮೆಟ್ಟಿಲಾಗಿ ಒಪ್ಪಿಕೊಂಡಿವೆ. ಹತ್ತರ ಬದಲು ಐದು ಪೊಟ್ಟಣದಿಂದ ಶುರು ಮಾಡಿದರೂ ಉತ್ತರ ತಪ್ಪುವುದಿಲ್ಲ, ದಾರಿ ಸ್ವಲ್ಪ ಉದ್ದವಾಗುತ್ತದೆ, ಅಷ್ಟೆ. ಅಂದಾಜು ತಪ್ಪಿದರೆ ಅಳಿಸಿ ಮೊದಲಿಂದ ಬರೆಯಬೇಕಾದ ದೀರ್ಘ ಭಾಗಾಕಾರಕ್ಕಿಂತ ಹಿಂಜರಿಯುವ ಮಕ್ಕಳಿಗೆ ಇದು ದಯಾಳು ವಿಧಾನ.

ಮಗ್ಗಿ ಬೇಡವೇ ಎಂಬ ಪ್ರಶ್ನೆ ಪೋಷಕರಿಂದ ತಪ್ಪದೆ ಬರುತ್ತದೆ. ಬೇಕು. ಆರರ ಮಗ್ಗಿ ಬಾರದ ಮಗುವಿಗೆ ಮೇಲಿನ ಎರಡೂ ದಾರಿಗಳು ಆಮೆಯ ನಡಿಗೆಯಾಗುತ್ತವೆ. ಆದರೆ ಮಗ್ಗಿಯನ್ನು ಮುಂದಕ್ಕೆ ಹೇಳುವುದಷ್ಟೇ ಸಾಲದು. ಆರು ಎಷ್ಟಲಿ ನಲವತ್ತೆರಡು ಎಂದು ಹಿಂದಿನಿಂದ ಕೇಳುವ ಅಭ್ಯಾಸ ಭಾಗಾಕಾರಕ್ಕೆ ಬೇಕಾದದ್ದು.

ಉಳಿದದ್ದನ್ನು ಏನು ಮಾಡುವುದು

ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಸಮೀಕ್ಷೆಯಲ್ಲಿ 13 ವರ್ಷದ ಮಕ್ಕಳಿಗೆ ಕೇಳಿದ ಒಂದು ಲೆಕ್ಕ 1983ರಿಂದೀಚೆಗೆ ಶಿಕ್ಷಣ ಸಾಹಿತ್ಯದಲ್ಲಿ ಮನೆಮಾತಾಗಿದೆ. ಒಂದು ಬಸ್ಸಿಗೆ 36 ಸೈನಿಕರು ಹಿಡಿಯುತ್ತಾರೆ. 1128 ಸೈನಿಕರನ್ನು ಸಾಗಿಸಲು ಎಷ್ಟು ಬಸ್ಸು ಬೇಕು? ಸುಮಾರು 70 ಶೇಕಡ ಮಕ್ಕಳು ಭಾಗಾಕಾರವನ್ನು ತಪ್ಪಿಲ್ಲದೆ ಮಾಡಿದರು. ಆದರೆ 29 ಶೇಕಡ ಮಕ್ಕಳು 31 ಬಸ್ಸು, ಶೇಷ 12 ಎಂದು ಬರೆದರು. 18 ಶೇಕಡ ಮಕ್ಕಳು 31 ಎಂದರು, ಅಂದರೆ 12 ಸೈನಿಕರು ನಿಂತಲ್ಲೇ ಉಳಿದರು. 32 ಎಂಬ ಸರಿಯುತ್ತರ ಕೊಟ್ಟವರು 23 ಶೇಕಡ. ಲೆಕ್ಕ ಬಂದಿತ್ತು, ಕಥೆ ಕಳೆದುಹೋಗಿತ್ತು.

ಶೇಷವನ್ನು ಏನು ಮಾಡಬೇಕೆಂದು ಹೇಳುವುದು ಅಂಕಿಗಳಲ್ಲ, ಸಂದರ್ಭ. 50 ÷ 8 ಎಂದರೆ ಭಾಗಲಬ್ಧ 6, ಶೇಷ 2. ಎಂಟು ಜನ ಹಿಡಿಯುವ ವಾಹನದಲ್ಲಿ 50 ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯಲು 7 ವಾಹನ ಬೇಕು. 50 ರೂಪಾಯಿಗೆ 8 ರೂಪಾಯಿಯ ಪೆನ್ಸಿಲ್ ಬರುವುದು 6 ಮಾತ್ರ. 50 ಸಸಿಗಳನ್ನು ಸಾಲಿಗೆ ಎಂಟರಂತೆ ನೆಟ್ಟಾದ ಮೇಲೆ ಕೈಯಲ್ಲಿ ಎಷ್ಟು ಸಸಿ ಉಳಿದವು ಎಂದರೆ ಉತ್ತರ 2. 50 ರೂಪಾಯಿಯನ್ನು ಎಂಟು ಜನ ಸಮನಾಗಿ ಹಂಚಿಕೊಂಡರೆ ತಲೆಗೆ 6 ರೂಪಾಯಿ 25 ಪೈಸೆ. ಒಂದೇ ಭಾಗಾಕಾರ, ನಾಲ್ಕು ಉತ್ತರ. ಈ ನಾಲ್ಕನ್ನೂ ಒಂದೇ ದಿನ, ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಬರೆದು ಚರ್ಚಿಸುವುದು ಶೇಷದ ಬಗ್ಗೆ ಮಾಡಬಹುದಾದ ಅತ್ಯುತ್ತಮ ಪಾಠ. ಪಠ್ಯಪುಸ್ತಕಗಳು ಮೊದಮೊದಲು ಶೇಷವಿಲ್ಲದ ಲೆಕ್ಕಗಳನ್ನೇ ಕೊಡುತ್ತವೆ. ಬದುಕಿನಲ್ಲಿ ಅಂಥ ಲೆಕ್ಕ ಸಿಗುವುದು ಕಡಿಮೆ. ಶೇಷವನ್ನು ತಡಮಾಡಿ ಪರಿಚಯಿಸಿದಷ್ಟೂ ಮಕ್ಕಳು ಅದನ್ನು ತಮ್ಮ ತಪ್ಪಿನ ಗುರುತು ಎಂದು ತಿಳಿಯುತ್ತಾರೆ.

ಸುಳಿವಿನ ಪದಗಳ ಕಾಟ

ಒಟ್ಟು ಎಂದಿದ್ದರೆ ಕೂಡು, ಉಳಿದ ಎಂದಿದ್ದರೆ ಕಳೆ, ತಲಾ ಅಥವಾ ಸಮನಾಗಿ ಎಂದಿದ್ದರೆ ಭಾಗಿಸು ಎಂಬ ಪಟ್ಟಿಯನ್ನು ಎಷ್ಟೋ ತರಗತಿಗಳ ಗೋಡೆಗಳಲ್ಲಿ, ಮಾರ್ಗದರ್ಶಿ ಪುಸ್ತಕಗಳಲ್ಲಿ ಕಾಣಬಹುದು. ಒಳ್ಳೆಯ ಉದ್ದೇಶದಿಂದ ಹುಟ್ಟಿದ್ದು, ಆದರೆ ಅಪಾಯಕಾರಿ. 4 ಮಕ್ಕಳಿಗೆ ತಲಾ 6 ಪೆನ್ಸಿಲ್ ಕೊಡಲು ಎಷ್ಟು ಪೆನ್ಸಿಲ್ ಬೇಕು ಎಂಬಲ್ಲಿ ತಲಾ ಇದೆ, ಮಾಡಬೇಕಾದದ್ದು ಗುಣಾಕಾರ. ಅಜ್ಜಿ ತಂದ ಸೀಬೆಹಣ್ಣನ್ನು 5 ಮೊಮ್ಮಕ್ಕಳಿಗೆ ಸಮನಾಗಿ ಹಂಚಿದಳು, ಒಬ್ಬೊಬ್ಬರಿಗೆ ಮೂರು ಬಂದವು, ಅಜ್ಜಿ ತಂದದ್ದೆಷ್ಟು ಎಂಬಲ್ಲಿ ಸಮನಾಗಿಯೂ ಇದೆ, ಹಂಚಿಕೆಯೂ ಇದೆ, ಉತ್ತರಕ್ಕೆ ಗುಣಿಸಬೇಕು. ಇತ್ತ 42 ಕಿಲೋಮೀಟರ್ ದಾರಿಯನ್ನು ದಿನಕ್ಕೆ 6 ಕಿಲೋಮೀಟರಿನಂತೆ ನಡೆದರೆ ಎಷ್ಟು ದಿನ ಎಂಬ ಭಾಗಾಕಾರದಲ್ಲಿ ಸುಳಿವಿನ ಪದ ಒಂದೂ ಇಲ್ಲ. ಪದ ಹೆಕ್ಕುವ ಮಗು ವಾಕ್ಯ ಓದುವುದನ್ನೇ ಬಿಡುತ್ತದೆ.

ಓದದೆ ಅಂಕಿ ಹೆಕ್ಕುವ ಅಭ್ಯಾಸ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಫ್ರಾನ್ಸಿನ ಗ್ರೆನೋಬಲ್ ನಗರದ ಗಣಿತ ಬೋಧನಾ ಸಂಶೋಧನ ಸಂಸ್ಥೆ 1979ರಲ್ಲಿ ನಡೆಸಿದ ಪ್ರಯೋಗ ಸಾಕ್ಷಿ. ಹಡಗಿನಲ್ಲಿ 26 ಕುರಿ, 10 ಮೇಕೆಗಳಿವೆ. ಕಪ್ತಾನನ ವಯಸ್ಸೆಷ್ಟು ಎಂದು 97 ಚಿಕ್ಕ ಮಕ್ಕಳನ್ನು ಕೇಳಿದಾಗ 76 ಮಂದಿ ಆ ಅಂಕಿಗಳನ್ನು ಬಳಸಿ ಒಂದು ವಯಸ್ಸನ್ನು ಹೇಳಿಯೇಬಿಟ್ಟರು. ಮಕ್ಕಳು ಪೆದ್ದರೆಂದು ನಗುವಂತಿಲ್ಲ. ಶಾಲೆಯ ಲೆಕ್ಕಕ್ಕೆ ಉತ್ತರ ಇದ್ದೇ ಇರುತ್ತದೆ, ಕೊಟ್ಟ ಅಂಕಿಗಳನ್ನೆಲ್ಲ ಬಳಸಲೇಬೇಕು ಎಂಬುದನ್ನು ಅವರಿಗೆ ಶಾಲೆಯೇ ಕಲಿಸಿತ್ತು. ಬಳಸಬೇಕಿಲ್ಲದ ಒಂದು ಅಂಕಿ ಇರುವ ಲೆಕ್ಕ, ಉತ್ತರಕ್ಕೆ ಬೇಕಾದ ಮಾಹಿತಿ ಇಲ್ಲದ ಲೆಕ್ಕ ಇವನ್ನು ನಡುನಡುವೆ ಸೇರಿಸಿದರೆ ಈ ಚಾಳಿ ತಗ್ಗುತ್ತದೆ.

ತಪ್ಪು ಎಲ್ಲಿ ಆಯಿತು ಎಂದು ಪತ್ತೆ ಹಚ್ಚಲು ಆಸ್ಟ್ರೇಲಿಯದ ಆನ್ ನ್ಯೂಮನ್ 1977ರಲ್ಲಿ ಮುಂದಿಟ್ಟ ಕ್ರಮ ಇಂದಿಗೂ ಬಳಕೆಯಲ್ಲಿದೆ. ಲೆಕ್ಕವನ್ನು ಓದಿ ಹೇಳು, ಏನು ಕೇಳಿದ್ದಾರೆ ಹೇಳು, ಹೇಗೆ ಮಾಡುತ್ತೀಯ, ಮಾಡಿ ತೋರಿಸು, ಉತ್ತರ ಬರೆ. ಈ ಐದರಲ್ಲಿ ಮಗು ಎಲ್ಲಿ ಎಡವಿತು ಎಂಬುದು ಕೆಲವು ನಿಮಿಷಗಳಲ್ಲೇ ಗೊತ್ತಾಗುತ್ತದೆ. ಗಣಿತದಲ್ಲಿ ಹಿಂದೆ ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಎಷ್ಟೋ ಮಕ್ಕಳು ನಿಲ್ಲುವುದು ಮೊದಲ ಎರಡು ಮೆಟ್ಟಿಲಲ್ಲಿ, ಅಂದರೆ ಓದಿನಲ್ಲಿ. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ಕೊಂಕಣಿ ಆಡುವ ಮಗುವಿಗೆ ಪಠ್ಯದ ಕನ್ನಡವೇ ಎರಡನೆಯ ಭಾಷೆ. ಮೂರನೆಯ ತರಗತಿಯವರೆಗಾದರೂ ಹೇಳಿಕೆ ಲೆಕ್ಕವನ್ನು ಶಿಕ್ಷಕರು ಬಾಯಲ್ಲಿ ಹೇಳಿ, ಮಕ್ಕಳಿಂದ ಅವರ ಮಾತಿನಲ್ಲೇ ಮತ್ತೆ ಹೇಳಿಸುವುದು ಮೇಲು.

ಸಂತೆಯ ಗಣಿತ, ಶಾಲೆಯ ಗಣಿತ

ಬ್ರೆಜಿಲಿನ ರೆಸಿಫಿ ನಗರದಲ್ಲಿ ಟೆರೆಜಿನ್ಯಾ ನೂನೆಸ್, ಡೇವಿಡ್ ಕ್ಯಾರಹರ್ ಮತ್ತು ಅನಲೂಸಿಯಾ ಶ್ಲೀಮನ್ ಬೀದಿಬದಿ ಮಾರಾಟ ಮಾಡುವ ಐದು ಮಕ್ಕಳನ್ನು ಅಧ್ಯಯನ ಮಾಡಿ 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಿರಾಕಿಗಳಾಗಿ ಹೋಗಿ ಕೇಳಿದಾಗ ಮಕ್ಕಳ ಲೆಕ್ಕ 98.2 ಶೇಕಡ ಸರಿ. ಅದೇ ಬಗೆಯ ಲೆಕ್ಕವನ್ನು ಹೇಳಿಕೆ ಲೆಕ್ಕವಾಗಿ ಕೇಳಿದಾಗ 73.7. ಬರೀ ಅಂಕಿಗಳಲ್ಲಿ ಬರೆದುಕೊಟ್ಟಾಗ 36.8. ಮಕ್ಕಳ ಸಂಖ್ಯೆ ಚಿಕ್ಕದು, ಆದರೂ ಇಳಿಜಾರು ಸ್ಪಷ್ಟ. ನಡುವಿನ ಮೆಟ್ಟಿಲಲ್ಲಿ ಹೇಳಿಕೆ ಲೆಕ್ಕ ಇರುವುದು ಗಮನಿಸಬೇಕಾದ ಅಂಶ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಬರೆದ ಪ್ರಬಂಧ ಇದನ್ನೇ ಬಹಳ ದೊಡ್ಡ ಪ್ರಮಾಣದಲ್ಲಿ ಕಂಡಿತು. ಅಂಗಡಿಯಲ್ಲಿ ಮನಸ್ಸಿನಲ್ಲೇ ಲೆಕ್ಕ ಮುಗಿಸುವ ಮಕ್ಕಳು ಶಾಲೆಯ ಮಾದರಿಯ ಭಾಗಾಕಾರದಲ್ಲಿ ಸೋತರು. ಶಾಲೆಯ ಲೆಕ್ಕದಲ್ಲಿ ಮುಂದಿದ್ದ ಮಕ್ಕಳು ಸಂತೆಯ ಲೆಕ್ಕದಲ್ಲಿ ಸೋತರು. ಎರಡು ಗಣಿತಗಳು ತಾವಾಗಿ ಒಂದನ್ನೊಂದು ಸೇರುವುದಿಲ್ಲ, ಸೇರಿಸಬೇಕು.

ಸೇರಿಸುವ ಕೆಲಸಕ್ಕೆ ಶಿಕ್ಷಕರೇ ಕಥೆ ಕಟ್ಟಬಲ್ಲವರಾಗಿರಬೇಕು. ಲಿಪಿಂಗ್ ಮಾ 1999ರ ತಮ್ಮ ಪುಸ್ತಕದಲ್ಲಿ ಶಿಕ್ಷಕರಿಗೆ ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸುವ ಲೆಕ್ಕಕ್ಕೆ ಕಥೆ ಹೇಳಿ ಎಂದು ಕೇಳಿದ್ದನ್ನು ವರ್ಣಿಸುತ್ತಾರೆ. ಚೀನಾದ 72 ಶಿಕ್ಷಕರಲ್ಲಿ ಸುಮಾರು 90 ಶೇಕಡ ಮಂದಿ ಸರಿಯಾದ ಕಥೆ ಕಟ್ಟಿದರು. ಅಮೆರಿಕದ 23 ಶಿಕ್ಷಕರಲ್ಲಿ ಒಬ್ಬರಿಗೆ ಮಾತ್ರ ಅದು ಸಾಧ್ಯವಾಯಿತು. ಹೆಚ್ಚಿನವರು ಅರ್ಧದಿಂದ ಭಾಗಿಸುವುದನ್ನೂ ಅರ್ಧ ಮಾಡುವುದನ್ನೂ ಒಂದೇ ಎಂದುಕೊಂಡಿದ್ದರು. ಒಂದೂಮುಕ್ಕಾಲು ಲೀಟರ್ ಎಣ್ಣೆಯನ್ನು ಅರ್ಧ ಲೀಟರಿನ ಬಾಟಲಿಗಳಿಗೆ ತುಂಬಿದರೆ ಮೂರೂವರೆ ಬಾಟಲಿ ಎಂಬುದು ಸಾಲುವ ಕಥೆ. ಮಕ್ಕಳಿಂದಲೂ ಕಥೆ ಕಟ್ಟಿಸಬೇಕು. 35 ÷ 7 ಕೊಟ್ಟು ಒಂದು ಹಂಚಿಕೆಯ, ಒಂದು ಗುಂಪಿನ ಲೆಕ್ಕ ಬರೆಯಿರಿ ಎಂದರೆ ಯಾರಿಗೆ ಅರ್ಥವಾಗಿದೆ, ಯಾರಿಗೆ ಇಲ್ಲ ಎಂಬುದು ಹತ್ತು ಪರೀಕ್ಷೆಗಳಿಗಿಂತ ಚೆನ್ನಾಗಿ ತಿಳಿಯುತ್ತದೆ.

ಭಾರತದಲ್ಲಿ, ಕರ್ನಾಟಕದಲ್ಲಿ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಬಳಿಕ ಎನ್‌ಸಿಇಆರ್‌ಟಿ ತಂದ ಮ್ಯಾಥ್ ಮ್ಯಾಜಿಕ್ ಸರಣಿಯ ಮೂರನೆಯ ತರಗತಿಯ ಪುಸ್ತಕ ಭಾಗಾಕಾರದ ಪಾಠವನ್ನು ನಾವು ಹಂಚಿಕೊಳ್ಳಬಹುದೇ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಟ್ಟು ಆರಂಭಿಸಿತು. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿಕಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಕಾರ್ಡು ಮತ್ತು ವಸ್ತುಗಳೊಡನೆ ತಮ್ಮ ವೇಗದಲ್ಲಿ ಕಲಿಯಲು ಬಿಟ್ಟಿತು. ಅಕ್ಷರ ಫೌಂಡೇಶನ್ ರಾಜ್ಯ ಸರ್ಕಾರದ ಜೊತೆಗೂಡಿ ನಡೆಸಿದ ಗಣಿತ ಕಲಿಕಾ ಆಂದೋಲನ ನಾಲ್ಕು, ಐದನೆಯ ತರಗತಿಗಳಿಗೆ ಮಣಿಕಟ್ಟು, ದಶಮಾನ ಘನಗಳು, ಆಟದ ನೋಟು ಮೊದಲಾದ ಸಾಮಗ್ರಿಯ ಪೆಟ್ಟಿಗೆಯನ್ನು ಶಾಲೆಗೆ ತಲುಪಿಸಿತು. ಸಾಮಗ್ರಿಯ ಕೊರತೆ ಈಗ ಮೊದಲಿನಷ್ಟಿಲ್ಲ. ಪೆಟ್ಟಿಗೆಯಲ್ಲಿರುವುದನ್ನು ಕಥೆಗೂ, ಕಥೆಯನ್ನು ಹಲಗೆಯ ಮೇಲಿನ ಬರವಣಿಗೆಗೂ ಜೋಡಿಸುವ ಮಾತುಕತೆಗೆ ಮಾತ್ರ ವೇಳಾಪಟ್ಟಿಯಲ್ಲಿ ಸಮಯ ಸಾಲುತ್ತಿಲ್ಲ.

ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆ ಗ್ರಾಮೀಣ ಮಕ್ಕಳ ಗಣಿತವನ್ನು ಅಳೆಯುವ ಮೇಲಿನ ಮಟ್ಟವೇ ಭಾಗಾಕಾರ: ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದು. ಐದನೆಯ ತರಗತಿಯಲ್ಲಿ ಅದನ್ನು ಮಾಡಬಲ್ಲ ಮಕ್ಕಳು ದೇಶದಲ್ಲಿ 2018ರಲ್ಲಿ 27.9 ಶೇಕಡ, ಕೋವಿಡ್ ನಂತರದ 2022ರಲ್ಲಿ 25.6, 2024ರಲ್ಲಿ 30.7. ಅಲ್ಲಿ ಕೇಳುವುದು ಬರೀ ಅಂಕಿಗಳ ಲೆಕ್ಕ. ಮಾಡಲಾಗದ ಮಕ್ಕಳಲ್ಲಿ ಯಾರಿಗೆ ಭಾಗಾಕಾರವೇ ತಿಳಿಯದು, ಯಾರಿಗೆ ಅದನ್ನು ಬರೆಯುವ ಕ್ರಮವಷ್ಟೇ ತಿಳಿಯದು ಎಂಬುದನ್ನು ಆ ಅಂಕಿಅಂಶ ಹೇಳಲಾರದು. ತರಗತಿಯ ಶಿಕ್ಷಕರಿಗೆ ಅದನ್ನು ತಿಳಿಯಲು ಸಮೀಕ್ಷೆ ಬೇಕಿಲ್ಲ; ಒಂದು ಹಂಚಿಕೆಯ ಲೆಕ್ಕ, ಒಂದು ಗುಂಪಿನ ಲೆಕ್ಕವನ್ನು ಬಾಯಲ್ಲಿ ಕೇಳಿದರೆ ಸಾಕು.